ವಹಿಯ ಕೊನೆಯ ಹಾಳೆ

ದುಧನಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಮರಾಠಿ,
ಬೈಗುಳ ಕನ್ನಡ.
ತೊಗರಿಗೆ ಮಾತ್ರ ಎರಡೂ ತಿಳಿಯುತ್ತದೆ.

ಲಿಲಾವು ಮುಗಿದಿತ್ತು.
ಗೋಡೆಯ ಟಿವಿಯಲ್ಲಿ ಯಾವುದೋ ದೇಶದ ಅಧ್ಯಕ್ಷ
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದ.
ಕೆಳಗೆ ಓಡುವ ಅಕ್ಷರ: ಮಹಾಭಿಯೋಗ.
"ಮಹಾರೋಗ ಏನ್ರಿ ಅಂವಗ?" ಎಂದ ಲಾಲೇಸಾಬ,
ಚೀಲದ ಕೊಕ್ಕೆ ಹೆಗಲಿಗೆ ಸಿಕ್ಕಿಸಿ.
"ಅಲ್ಲೋ ಮಾರಾಯಾ, ಖುರ್ಚಿಲಿಂದ ಇಳಸೋದು."
"ಮತ್ತ ಅದಕ್ಕ ಇಷ್ಟ ಉದ್ದ ಹೆಸರ ಯಾಕ?"

ಇದು ಇತಿಹಾಸದಲ್ಲಿ ಉಳಿಯುವುದೇ, ಎಂದು ಆ ದೇಶದಲ್ಲಿ ಕೇಳಿದರಂತೆ.
ನೂರಕ್ಕೆ ಅರವತ್ತೆರಡು ಮಂದಿ ಹೌದೆಂದರಂತೆ.
"ನಮ್ಮನ್ನ ಯಾರ ಕೇಳ್ಯಾರ?" ರೇವಣಸಿದ್ದನ ತಕರಾರು.
ಕೇಳುವ ಕೆಲಸ ನನ್ನ ಕೊರಳಿಗೆ ಬಿತ್ತು, ಮುನೀಮ ಅಂತ.
ವಹಿಯ ಕೊನೆಯ ಹಾಳೆ ತೆಗೆದು ಎರಡು ಮನೆ ಕೊರೆದೆ:
ಉಳಿಯುತ್ತದೆ. ಉಳಿಯುವುದಿಲ್ಲ.
ಎಷ್ಟು ಊರಿನ ಬಾಕಿ ಬರೆದಿದ್ದೇನೆ ಈ ಕೈಯಲ್ಲಿ,
ಪರದೇಶದ್ದು ಇದೇ ಮೊದಲು.

ಹಮಾಲರಲ್ಲಿ ಬಹಳ ಮಂದಿ ಉಳಿಯುತ್ತದೆ ಅಂದರು,
ಉಳಿಯದಿದ್ದರೆ ಇಷ್ಟು ಸಲ ತೋರಿಸುತ್ತಿದ್ದರೇ ಎಂದು.
ರೇವಣಸಿದ್ದ ಇಲ್ಲ ಅಂದ. ಒಂದು ಬೀಡಿ ಮುಗಿಯುವಷ್ಟರಲ್ಲಿ
ಮನಸ್ಸು ತಿರುಗಿ, ಅಳಿಸು ಅಂದ.
ವಹಿಯಲ್ಲಿ ಅಳಿಸುವ ರೂಢಿ ಇಲ್ಲ;
ಈಗ ಎರಡೂ ಮನೆಯಲ್ಲಿ ಅವನಿದ್ದಾನೆ.
ಚಹಾದ ಹುಡುಗ, ಪರೀಕ್ಷೆಗೆ ಬಂದರೆ ಉಳಿಯುತ್ತದೆ, ಅಂದ.
ಸಾಹುಕಾರ ಫೋನಿನಿಂದ ಬಾಯಿ ತೆಗೆದು
"ನಾಳಿ ತೊಗರಿ ರೇಟ ಉಳೀತದೇನ ಕೇಳು" ಅಂದು
ಮತ್ತೆ ಫೋನಿಗೆ ಬಾಯಿ ಕೊಟ್ಟ.

ಹನ್ನೊಂದು, ನಾಲ್ಕು.
ಕೆಳಗೆ ಗೆರೆ ಎಳೆಯಬೇಕು, ಆಗ
ಮೂಲೆಯಲ್ಲಿ ಮೊರದ ಸದ್ದು ನಿಂತಿತು.
ಚೆಲ್ಲಿದ ಕಾಳು ಕೇರುವ ನೀಲಗಂಗವ್ವ,
ಕೆಲಸಕ್ಕೆ ಬಂದು ಇನ್ನೂ ವಾರ.
ಅವಳನ್ನು ನಾನು ಕೇಳಿರಲಿಲ್ಲ.
ನಿಜ ಹೇಳಬೇಕೆಂದರೆ, ಎಣಿಸಿಯೇ ಇರಲಿಲ್ಲ.

"ಅಂವಗ ಎಷ್ಟ ಮಂದಿ ಕೈ ಎತ್ತಿದ್ರು?"
ಗೊತ್ತಿಲ್ಲ ಅಂದೆ.
"ನನಗ ಏಳು. ಒಂಬತ್ತರಾಗ ಏಳು.
ಹೆಣ್ಮಕ್ಕಳ ಜಾಗಾ ಬಂದದ ಅಂತ ಸರಪಂಚ ಮಾಡಿದ್ರು,
ಹದಿನಾಲ್ಕ ತಿಂಗಳ ಇದ್ದೆ.
ಬೋರಿನ ಬಿಲ್ಲಿಗಿ ಸಹಿ ಹಾಕು ಅಂದ್ರು.
ಬೋರ ಎಲ್ಲಿ ಅದ, ತೋರಸ್ರಿ ಅಂದೆ.
ಸೋಮವಾರ ತಹಶೀಲ್ದಾರ ಬಂದು ಠರಾವ ಓದಿದ.
ಮೊದಲ ಎದ್ದ ಕೈ ನನ್ನ ಮೈದುನಂದು.
ಅವತ್ತ ಮುಂಜಾನೆ ಆ ಕೈಗೇ ಬುತ್ತಿ ಕೊಟ್ಟಿದ್ದೆ."

ಟಿವಿಯಲ್ಲಿ ಅಧ್ಯಕ್ಷ ಮತ್ತೆ ಮೇಲಿನ ಮೆಟ್ಟಿಲಿನಿಂದ
ಇಳಿಯತೊಡಗಿದ, ನಾಲ್ಕನೆಯ ಸಲ.
"ಮನೀಗಿ ಹೆಂಗ ಹೋದಿ ಯವ್ವಾ?" ಲಾಲೇಸಾಬ ಕೇಳಿದ.
"ನಡಕೋತ. ಇರೋದು ಒಂದ ದಾರಿ.
ಅಂವನೂ ಬಂದ, ಹತ್ತ ಮಾರು ಹಿಂದ."

ನಿನ್ನದು ಯಾವ ಮನೆಗೆ ಬರೆಯಲಿ ಎಂದೆ.
"ನನ್ನನ್ನ ಯಾಕ ಕೇಳತಿ?
ಕೈ ಎತ್ತಿದಾಂವನ್ನ ಕೇಳು. ಅಂವಗ ಉಳದದ."
ಮೊರ ಮತ್ತೆ ಶುರುವಾಯಿತು.

ಸಂಜೆ ಅವಳ ಮೊದಲ ಪಗಾರ.
ರೂಢಿಯಂತೆ ಹೆಬ್ಬೆಟ್ಟಿನ ಶಾಯಿ ಡಬ್ಬಿ ಮುಂದಿಟ್ಟೆ.
ಡಬ್ಬಿ ಪಕ್ಕಕ್ಕೆ ಸರಿಸಿ ನನ್ನ ಪೆನ್ನಿಗೆ ಕೈಯೊಡ್ಡಿದಳು.
ಮರಾಠಿ ಅಕ್ಷರ, ಆ ಹದಿನಾಲ್ಕು ತಿಂಗಳಲ್ಲಿ ಕಲಿತದ್ದು.
ಮೊದಲು ಮೇಲಿನ ಗೆರೆ ಎಳೆದಳು,
ಗೋಡೆಗಿಂತ ಮುಂಚೆ ತೊಲೆ ಇಟ್ಟ ಹಾಗೆ;
ಆಮೇಲೆ ಒಂದೊಂದೇ ಅಕ್ಷರ ಅದಕ್ಕೆ ಇಳಿಬಿಟ್ಟಳು.
ನಮ್ಮ ಕನ್ನಡದಲ್ಲಿ ಹಾಗಿಲ್ಲ,
ಪ್ರತಿ ಅಕ್ಷರವೂ ತನ್ನ ತಲೆಕಟ್ಟು ತಾನೇ ಹೊರಬೇಕು.

ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು.
ಎಲ್ಲ ಮುಗಿದ ಮೇಲೂ ಗೆರೆ ಉಳಿದಿತ್ತು,
ಇನ್ನೊಂದು ಶಬ್ದ ಹಿಡಿಯುವಷ್ಟು.